ಎಣ್ಣೆ ಕಾಣದ ಗೇಟು

ಏರು ಹತ್ತುತ್ತಿದ್ದ ಪಿಕಪ್ಪೊಂದು ಕೆಮ್ಮುವ ಸದ್ದು. ಬಾಯಿ ಮುಕ್ಕಳಿಸುತ್ತಿದ್ದ ಹೊಗೆಯಣ್ಣ ನೀರು ಉಗುಳಿ ಕಿವಿಗೊಟ್ಟ. ತಂಗಿಯ ಗಂಡನ ಹಳೇ ಗಾಡಿ. ಪಾಪ, ಏದುಸಿರು ಬಿಡುತ್ತ ಏರುತ್ತಿದೆ.

ಹೊಗೆಯ ಬಣ್ಣ ನೋಡಿ, ಮೂಸಿ, ಎಂಜಿನ್ನಿನ ಕಾಯಿಲೆ ಹೇಳುತ್ತಿದ್ದ ಮೆಕ್ಯಾನಿಕ್ಕಿಗೆ ಊರು ಇಟ್ಟ ಹೆಸರದು. ಕೈಗೆ ಸಿಕ್ಕಿದ್ದಕ್ಕೆಲ್ಲ ಎಣ್ಣೆ ಬಿಡುವ ಅವನು ಮನೆಯ ಗೇಟನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅಮ್ಮನ ಕಟ್ಟಪ್ಪಣೆ. ಅಪ್ಪ ಬಂದದ್ದು ಆ ಗೇಟಿನ ಕಿರುಚಾಟದಿಂದಲೇ ತಿಳಿಯುತ್ತಿತ್ತು. ಅವನು ಬೆಲ್ಟು ಬಿಚ್ಚುವಷ್ಟರಲ್ಲಿ ಅಣ್ಣ ತಂಗಿ ಹಿತ್ತಲ ಗೋಡೆ ಹಾರಿರುತ್ತಿದ್ದರು. ಅಮ್ಮ ಹಾರುತ್ತಿರಲಿಲ್ಲ. ಈಗ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಗೇಟು ಕಿರುಚುತ್ತಲೇ ಇದೆ.

ಬೀದಿ ತುದಿಯ ಗ್ಯಾರೇಜಿಗೆ ಅವನು ಬರುವಷ್ಟರಲ್ಲಿ ತಂಗಿಯ ಗಂಡ ಬಾನೆಟ್ಟು ಎತ್ತಿ ನಿಲ್ಲಿಸಿದ್ದ. ತಂಗಿ ಒಳಗೆ ಸೀಟಿನಲ್ಲೇ ಕೂತಿದ್ದಳು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

"ಇವಳ ಕಣ್ಣಿಗೇನಾಯ್ತು?"

"ಬಾಗಿಲಿಗೆ ಬಡ್ಕೊಂಡ್ಳು ಭಾವ. ನಮ್ಮನೆ ಬಾಗಿಲಿಗೆ ಐದು ಬೆರಳಿದೆ," ಎಂದು ಅವನು ಮುಷ್ಟಿ ತೋರಿಸಿ ನಕ್ಕ. "ಗಾಡಿಗೆ ಯಾರೋ ಏನೋ ಮಾಡಿದಾರೆ. ಇವಳೇ ಅಂತ ನನ್ನ ಅನುಮಾನ. ನೀವು ನೋಡಿ ಹೇಳಿ. ಹೌದಾದ್ರೆ ನಿಮ್ಮೆದುರಿಗೇ ಕೈ ಮುರೀತೀನಿ."

"ಸ್ಟಾರ್ಟ್ ಮಾಡು ಮೊದ್ಲು."

ಹೊಗೆ ತುಂಬಿ ಗ್ಯಾರೇಜು ಕಪ್ಪಾಯಿತು. ಹೊಗೆಯಣ್ಣ ಒರೆಸುವ ಬಟ್ಟೆಯೊಂದನ್ನು ಸೈಲೆನ್ಸರಿನ ಬಾಯಿಗೆ ಹಿಡಿದ. ತಿಳಿ ಹಳದಿ ಬಟ್ಟೆ. ತಂಗಿ ಹಳೇ ಸೀರೆ ಹರಿದು ಗ್ಯಾರೇಜಿಗೆಂದು ಕೊಟ್ಟದ್ದು. ಅದಕ್ಕೆ ಹತ್ತಿದ ಮಸಿ ಒಣದಾಗಿತ್ತು, ಜಿಡ್ಡಿರಲಿಲ್ಲ. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ, ಬಿಳಿಯಾದರೆ ನೀರು ಸೇರಿದೆ. ಈ ಕಪ್ಪಿಗೆ ಕಾರಣ ಬೇರೆ: ಗಾಳಿ ಸಾಲದೆ ಡೀಸೆಲ್ ಅರ್ಧಂಬರ್ಧ ಉರಿಯುತ್ತಿದೆ. ಎಂಜಿನ್ ನಿಲ್ಲಿಸಿ ಏರ್ ಫಿಲ್ಟರ್ ಬಿಚ್ಚಿದ. ಹೊಚ್ಚ ಹೊಸದು.

"ಹೋದ ವಾರ ನಾನೇ ಹಾಕಿದ್ದು," ಎಂದ ತಂಗಿಯ ಗಂಡ.

ಫಿಲ್ಟರ್ ಡಬ್ಬಿಗೆ ಗಾಳಿ ತರುವ ಪೈಪಿನೊಳಗೆ ಹೊಗೆಯಣ್ಣ ಬೆರಳು ತೂರಿಸಿದ. ಮೆತ್ತಗೆ ಏನೋ ಸಿಕ್ಕಿತು. ತುದಿ ಎಳೆದ. ತಿಳಿ ಹಳದಿ.

ಅವನಿಗೆ ಅರ್ಥವಾಯಿತು. ತಂಗಿ ಹುಡುಗಿಯಾಗಿದ್ದಾಗ ಇದೇ ಗ್ಯಾರೇಜಿನಲ್ಲಿ ಅವನ ಕೈಗೆ ಸ್ಪ್ಯಾನರ್ ಕೊಡುತ್ತ ಬೆಳೆದವಳು. ಎಲ್ಲಿ ತುರುಕಬೇಕೆಂದು ಅವಳಿಗೆ ಗೊತ್ತು. ಅವಳ ಅಡುಗೆಮನೆಯ ಕಿಟಕಿಗೆ ಇಳಿಜಾರಿನ ರಸ್ತೆ ಪೂರ್ತಿ ಕಾಣುತ್ತದೆ. ಉಸಿರು ಕಟ್ಟಿದ ಗಾಡಿ ಕರಿ ಹೊಗೆ ಬಿಡುತ್ತ ತೆವಳಿ ಮೇಲೆ ಬರುವಷ್ಟರಲ್ಲಿ ಅವಳು ಹಿಂಬಾಗಿಲಿನಿಂದ ಹೊರಬೀಳಬಹುದು. ಅವಳೂ ಒಂದು ಗೇಟು ಮಾಡಿಕೊಂಡಿದ್ದಳು.

"ತಪ್ಪು ನಂದೇ ಮಾರಾಯ," ಎಂದ. "ಹೋದ ತಿಂಗಳು ಸರ್ವಿಸ್ ಮಾಡ್ವಾಗ ಒಳಗೇ ಮರೆತಿದ್ದೀನಿ. ನೋಡು, ನನ್ನ ಒರೆಸೋ ಬಟ್ಟೆ."

ತಂಗಿಯ ಗಂಡ ಎರಡೂ ತುಂಡುಗಳನ್ನು ನೋಡಿದ. "ಫಿಲ್ಟರ್ ಹಾಕ್ವಾಗ ಪೈಪು ಊದಿ ನೋಡಿದ್ದೆ ಭಾವ," ಎಂದ ತಣ್ಣಗೆ. "ಖಾಲಿ ಇತ್ತು."

ಮರುಕ್ಷಣವೇ ಬಾಗಿಲು ತೆಗೆದು ಅವಳನ್ನು ಕೂದಲು ಹಿಡಿದು ಕೆಳಗೆಳೆದ. ಹಣೆ ಬಂಪರಿಗೆ ಬಡಿದು ರಕ್ತ ಹುಬ್ಬಿನ ಮೇಲಿಂದ ಇಳಿಯಿತು. ವೀಲ್ ಸ್ಪ್ಯಾನರ್ ಎತ್ತಿಕೊಂಡ.

"ಯಾವ ಕೈಲೇ ತುರುಕಿದ್ದು? ಹೇಳೇ, ಯಾವ ಕೈ?"

ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡಳು. ನಡುವೆ ನುಗ್ಗಿದ ಹೊಗೆಯಣ್ಣನ ಹೆಗಲಿಗೆ ಏಟು ಬಿತ್ತು. ನೋವು ಆಮೇಲೆ ತಿಳಿದದ್ದು. ಅವನು ಸ್ಪ್ಯಾನರ್ ಹಿಡಿದ ತೋಳನ್ನು ತಿರುಚಿ ಎಂಜಿನ್ನಿನ ಅಂಚಿಗೆ ಒತ್ತಿ, ಬಾನೆಟ್ಟಿನ ಆನಿಕೆ ಕೋಲನ್ನು ತಳ್ಳಿಬಿಟ್ಟ. ಬಾನೆಟ್ಟು ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಮುರಿದದ್ದು ಮೂವರಿಗೂ ಕೇಳಿಸಿತು.

ಅಷ್ಟಕ್ಕೇ ಸಾಕಿತ್ತು. ಆದರೆ ಹೊಗೆಯಣ್ಣ ಬಾನೆಟ್ಟನ್ನು ಮತ್ತೆ ಎತ್ತಿದ, ಬಡಿದ. "ಬೇಡ ಭಾವ, ಬೇಡ" ಎನ್ನುತ್ತಿದ್ದವನ ಮೇಲೆ ಇನ್ನೊಮ್ಮೆ ಬಡಿದ. ಕೈಗೆ ಹಿತವೆನಿಸುತ್ತಿತ್ತು.

"ಅಣ್ಣಾ, ಸಾಕು."

ಅದು ಅಮ್ಮನದೇ ದನಿ. ತಿರುಗಿ ನೋಡಿದ. ತಂಗಿ ಗೋಡೆಗೆ ಅಂಟಿ ನಿಂತಿದ್ದಳು, ಮೊಣಕೈಯನ್ನು ಮುಖಕ್ಕೆ ಅಡ್ಡ ಹಿಡಿದು. ತೆರೆದಿದ್ದ ಒಂದೇ ಕಣ್ಣು ಅವನ ಮುಖವನ್ನಲ್ಲ, ಕೈಗಳನ್ನು ನೋಡುತ್ತಿತ್ತು.

ಸದ್ದಿಗೆ ಓಡಿಬಂದ ಪಕ್ಕದ ಟೈರ್ ಅಂಗಡಿಯವನು, ನೆಲದಲ್ಲಿ ನರಳುತ್ತಿದ್ದವನನ್ನು ಎಬ್ಬಿಸಿ ಆಸ್ಪತ್ರೆಗೆಂದು ಹೊರಗೆ ನಡೆಸಿಕೊಂಡು ಹೋದ.

"ಮನೆಗೆ ಬಾ," ಎಂದ ಹೊಗೆಯಣ್ಣ. ಅವಳು ಕದಲಲಿಲ್ಲ. ಅವನು ಒಂದು ಹೆಜ್ಜೆ ಮುಂದಿಟ್ಟ. ಮೊಣಕೈ ಇನ್ನೂ ಮೇಲೇರಿತು.

ಮನೆಯ ಬೀಗದ ಕೈಯನ್ನು ಇಬ್ಬರ ನಡುವೆ ನೆಲದ ಮೇಲಿಟ್ಟು ಅವನು ಹಿಂದೆ ಸರಿದ.

"ನಾನು ಇಲ್ಲೇ ಗ್ಯಾರೇಜಲ್ಲಿ ಮಲಗ್ತೀನಿ. ಗೇಟಿಗೆ ಇನ್ನೂ ಎಣ್ಣೆ ಹಾಕಿಲ್ಲ ಕಣೇ. ನಾನೇ ಬಂದ್ರೂ ನಿಂಗೆ ಕೇಳ್ಸತ್ತೆ. ಹಿತ್ತಲ ಗೋಡೆ ಹತ್ರ ನಾವು ಹತ್ತೋ ಕಲ್ಲೂ ಹಾಗೇ ಇದೆ, ನೀನು ಬೇಕಾದ್ರೆ..." ಎನ್ನುತ್ತಲೇ, ಬೆನ್ನು ತಿರುಗಿಸಿ, ಅವಳು ಹೊರಡಲೆಂದು ದಾರಿ ಬಿಟ್ಟು, ಬೀದಿಗಿಳಿದು ನಡೆದ.