ಮಸ್ಕಿ ಬಂತೇನು?

ಯಕೃತ್ತು ಮನುಷ್ಯದೇಹದ ಅತ್ಯಂತ ನಿಷ್ಠಾವಂತ ಸೇವಕ. ಆದ್ದರಿಂದಲೇ ಅದರ ಮೇಲೆ ಒಂದು ಕಣ್ಣಿಟ್ಟಿರಬೇಕು. ಲೋಕದಲ್ಲಿ ಸೋಮಾರಿಗಳಿಂದಾದ ಅನಾಹುತ ಕಡಿಮೆ.

ಈ ಜ್ಞಾನೋದಯ ಮೊನ್ನೆ ಸಿಂಧನೂರು ಬಸ್ ನಿಲ್ದಾಣದಲ್ಲಿ ಮರುಕಳಿಸಿತು. ಯಾರೋ ಮೂರ್ಛೆ ಬಂದು ಬಿದ್ದಿದ್ದ. ಜನ ಮೂಗಿಗೆ ಚಪ್ಪಲಿ ಹಿಡಿದಿದ್ದರು. ಬೆವರು ಕುಡಿದ ಚರ್ಮದ ವಾಸನೆ ನನ್ನವರೆಗೂ ಬಂತು... ಎದುರುಮನೆಯ ಅಕ್ಕ ನೆನಪಾದಳು.

ಅವಳಿಗೂ ಅದೇ ರೋಗ. "ಊರಾಗಿನ ಅರ್ಧ ಮಂದಿ ಚಪ್ಪಲಿ ಮೂಸೀನಿ ತಮ್ಮಾ. ಕಣ್ಣು ಕಟ್ಟಿದ್ರೂ ಯಾರ್ದಂತ ಹೇಳ್ತೀನಿ," ಎನ್ನುತ್ತಿದ್ದಳು. ಗುಳಿಗೆಯಿಂದ ಮೂರ್ಛೆ ನಿಂತಿತು, ನಾಚಿಕೆ ನಿಲ್ಲಲಿಲ್ಲ. ವರ್ಷಗಟ್ಟಲೆ ಗುಳಿಗೆ ನುಂಗಿದಳು, ಹೊಸ್ತಿಲು ಮಾತ್ರ ದಾಟಲಿಲ್ಲ. ಅತ್ತ ಅವಳೊಬ್ಬಳು, ಇತ್ತ ನಾನೊಬ್ಬ, ನಡುವೆ ರಸ್ತೆ. ಕಿಟಕಿಯಿಂದ ಕಿಟಕಿಗೇ ನಮ್ಮ ಮಾತುಕತೆ...

ಮಸ್ಕಿಯಲ್ಲಿದ್ದ ತಂಗಿಗೆ ಲಕ್ವಾ ಹೊಡೆದಾಗ ಅಕ್ಕನಿಗೆ ತಡೆಯಲಾಗಲಿಲ್ಲ.

"ಒಮ್ಮಿ ಮಾರಿ ನೋಡಿ ಬರಬೇಕು. ಬಸ್ಸಿನ್ಯಾಗ ಬಿದ್ರ?"

"ಗುಳಿಗಿ ಅದಾವಲ್ಲ, ಬೀಳಂಗಿಲ್ಲ. ನಾ ಇರ್ತೀನಿ."

"ನೀ ಇದ್ದೇನ್ ಮಾಡ್ತಿ? ನಿನ್ನವು ರಬ್ಬರ್ ಚಪ್ಪಲಿ, ವಾಸನೀನೇ ಇಲ್ಲ."

ಹೊರಟ ದಿನ, ತನ್ನದೇ ಮನೆಯ ಮೆಟ್ಟಿಲಲ್ಲಿ ಕಾಲು ತುಸು ಜಾರಿತು. ಮೂರ್ಛೆಯಲ್ಲ, ಪೂರ್ಣ ಎಚ್ಚರದಲ್ಲೇ ಬಿದ್ದಳು. ಸೊಂಟದ ಮೂಳೆ ಹಪ್ಪಳದಂತೆ ಮುರಿಯಿತು.

ಲಿಂಗಸುಗೂರಿನ ಆಸ್ಪತ್ರೆಗೆ ಹೊರಟ ಗಾಡಿಯಲ್ಲಿ ಅಂಗಾತ ಮಲಗಿದವಳಿಗೆ ಕಂಡದ್ದು ಗಾಡಿಯ ಚಾವಣಿಯೊಂದೇ.

"ಮಸ್ಕಿ ಬಂತೇನು ತಮ್ಮಾ?"

"ದಾಟೀವಿ ಅಕ್ಕಾ. ಬರಾಗ ನಿಂದ್ರಸ್ತೀನಿ."

ವೈದ್ಯರು ನನಗೆ ವಿವರಿಸಿದರು. ಅವಳ ಗುಳಿಗೆ ಯಕೃತ್ತನ್ನು ಚುರುಕುಗೊಳಿಸುತ್ತದೆ. ಚುರುಕಾದ ಅದರ ಕಿಣ್ವಗಳು ಆ ಗುಳಿಗೆಯನ್ನಷ್ಟೇ ಒಡೆದು ಸುಮ್ಮನಾಗುವುದಿಲ್ಲ. ಬೇರೆ ಔಷಧಿಗಳನ್ನೂ, ಮೂಳೆ ಗಟ್ಟಿಯಾಗಿಡುವ ಡಿ ಜೀವಸತ್ವವನ್ನೂ ಬೇಗಬೇಗ ಒಡೆದುಹಾಕುತ್ತವೆ. ಆ ಜೀವಸತ್ವ ಮೈಯಲ್ಲಿ ಹುಟ್ಟುವುದೋ ಬಿಸಿಲಿನಿಂದ.

"ಬಿಸಿಲಿಗೆ ಹೋಗ್ತಿದ್ದಿಲ್ಲೇನಮ್ಮ?" ಎಂದು ಅವಳನ್ನೇ ಕೇಳಿದರು.

"ಸಿಂಧನೂರಾಗ ಬಿಸಿಲಿಗೆ ಹೋಗಾಕ ಹುಚ್ಚಿರಬೇಕ್ರೀ ಡಾಕ್ಟರ್. ನಂಗ ಬರೇ ಫಿಟ್ಸು."

ವೈದ್ಯರು ನಕ್ಕರು. ನಾನೂ ನಕ್ಕೆ...

ಶಸ್ತ್ರಚಿಕಿತ್ಸೆಯ ನಂತರ ರಕ್ತ ಹೆಪ್ಪುಗಟ್ಟದಿರಲೆಂದು ಕೊಟ್ಟ ಗುಳಿಗೆಯನ್ನೂ ಯಕೃತ್ತು ಒಡೆದುಹಾಕಿತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಯಿತು. ಬರುವಾಗ, ಮಾತು ಕೊಟ್ಟಂತೆ, ಮಸ್ಕಿಯಲ್ಲಿ ಗಾಡಿ ನಿಲ್ಲಿಸಿದೆ. ತಂಗಿಯನ್ನು ಮಂಚದ ಸಮೇತ ಹೊರಗೆ ತಂದು ಅಕ್ಕನ ಮುಖ ತೋರಿಸಿದರು.

ಮೊನ್ನೆ ಬಿದ್ದವನು ಎದ್ದು, ಮೈ ಕೊಡವಿಕೊಂಡು, ಮುದಗಲ್ ಬಸ್ಸು ಹತ್ತಿದ. ನಾನು ಮನೆಗೆ ಬಂದೆ. ಎದುರಿನ ಕಿಟಕಿ ಮುಚ್ಚಿದೆ.