ತಿರುಗಿ ಕೊಟ್ಟ ಉಡಿ

ಚುನಾವಣೆ ಸೋತದ್ದಕ್ಕೆ ನನಗೆ ಅಷ್ಟೇನೂ ದುಃಖವಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಒಪ್ಪಿಸುವ ಶಕ್ತಿ ಈಗ ಉಳಿದಿಲ್ಲ. ಹೊಸಪೇಟೆಯ ನಮ್ಮ ವಾರ್ಡಿಗೆ ಐದು ವರ್ಷ ಮೆಂಬರ್ ಆಗಿದ್ದೆ. ಮೊದಲ ಸಲ ಓಟು ಕೇಳಲು ಹೋದಾಗ ಕೈಮುಗಿದರೆ ಸಾಕಾಗಿತ್ತು. ಎರಡನೇ ಸಲ ಹೋದವರು ಉತ್ತರ ಹೇಳಬೇಕು. ಬೀದಿದೀಪ ಯಾಕೆ ಉರಿಯಲಿಲ್ಲ, ಕಸದ ಗಾಡಿ ಯಾಕೆ ಬರಲಿಲ್ಲ, ಫೋನ್ ಯಾಕೆ ಎತ್ತಲಿಲ್ಲ. ಮೊಣಕಾಲು ಬೇರೆ ಕೈಕೊಟ್ಟಿತ್ತು. ಎರಡು ಮೆಟ್ಟಿಲಿದ್ದ ಮನೆ ಕಂಡರೆ ಆ ಓಟು ಬೇಡವೇ ಬೇಡ ಅನ್ನಿಸುತ್ತಿತ್ತು.

ನಮ್ಮ ಕಡೆ ಹೆಣ್ಣುಮಗಳು ಓಟು ಕೇಳಲು ಬಂದರೆ ಉಡಿ ತುಂಬುತ್ತಾರೆ. ಅವಳು ಸೆರಗೊಡ್ಡಿ ನಿಲ್ಲಬೇಕು. ಮನೆಯಾಕೆ ಕುಂಕುಮ ಹಚ್ಚಿ ಅಕ್ಕಿ, ಕಾಯಿ, ಎಲೆ ಅಡಿಕೆ, ಒಂದು ಕುಪ್ಪಸದ ಕಣ ಹಾಕಿ "ಗೆದ್ದು ಬಾರವ್ವ" ಅನ್ನಬೇಕು. ಎದುರಾಳಿ ಬಂದರೂ ಅಷ್ಟೇ, ಬರಿ ಉಡಿಯಲ್ಲಿ ಕಳಿಸುವ ಹಾಗಿಲ್ಲ. ಹಾಗಾಗಿ ತುಂಬಿದ ಉಡಿಯನ್ನೇ ಓಟು ಎಂದು ತಿಳಿದು ಹಿಗ್ಗುವವರು ಹೊಸಬರು. ನಾನೂ ಒಂದು ಕಾಲಕ್ಕೆ ಹಿಗ್ಗಿದ್ದೆ.

ಆ ಮೊದಲ ಚುನಾವಣೆಯಲ್ಲಿ ನನ್ನ ಜೊತೆ ಚೀಲ ಹಿಡಿದು ತಿರುಗಿದವಳು ಹಿಂದಿನ ಓಣಿಯ ಗೆಳತಿ. ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳ ಗಂಡ ಸಂಡೂರಿನ ಗಣಿಗೆ ಕೆಲಸಕ್ಕೆ ಹೋಗುತ್ತಿದ್ದ. ಸಂಜೆ ಬಸ್ಸಿಳಿದು ಬಂದಾಗ ಅವನ ಕಿವಿಯೊಳಗೂ ಕೆಂಪು ಮಣ್ಣಿರುತ್ತಿತ್ತು. ಯಾವ ಮನೆಯಲ್ಲಿ ಯಾರಿಗೆ ಸಿಟ್ಟು, ಯಾರನ್ನು ಅಜ್ಜಿ ಅನ್ನಬಾರದು, ಎಲ್ಲ ಅವಳಿಗೆ ಗೊತ್ತಿತ್ತು. ನನ್ನ ಉಡಿ ತುಂಬಿದ ಹಾಗೆಲ್ಲ ಅವಳ ಚೀಲಕ್ಕೆ ಸುರಿಯುತ್ತಿದ್ದೆ. ಮೊದಲ ಉಡಿ ತುಂಬಿದವಳೂ ಅವಳೇ. ಎಲ್ಲರ ಹಾಗೆ ಅಗ್ಗದ ಬಟ್ಟೆಯನ್ನಲ್ಲ, ಮೆಟ್ರಿ ಊರಿನ ತವರಿನಲ್ಲಿ ತನಗೆ ಕೊಟ್ಟಿದ್ದ ಗುಳೇದಗುಡ್ಡದ ಕಣವನ್ನು ಹಾಕಿದ್ದಳು. ಹಸಿರು ಮೈ, ಕೆಂಪು ಅಂಚು.

"ಗೆದ್ದ ಮ್ಯಾಲೆ ನಮ್ಮ ಓಣಿ ಚರಂಡಿಗೆ ಬಂಡೆ ಹಾಕ್ಸಿಬಿಡಕ್ಕ. ಇನ್ನೇನೂ ಬ್ಯಾಡ," ಅಂದಿದ್ದಳು.

ಹಾಕಿಸುತ್ತೇನೆ ಅಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ.

ಎರಡನೇ ವರ್ಷ ಚರಂಡಿಗೆ ಬಂಡೆ ಹಾಸುವ ಒಂದು ಕೆಲಸ ನನ್ನ ಪಾಲಿಗೆ ಬಂತು. ಎಲ್ಲಿ ಅಂತ ನಾನೇ ಹೇಳಬೇಕಿತ್ತು. ಅವಳ ಓಣಿಯಲ್ಲಿ ಇದ್ದದ್ದು ಹನ್ನೊಂದು ಮನೆ. ದೊಡ್ಡ ಬೀದಿಯಲ್ಲಿ ಅದರ ಐದಾರು ಪಟ್ಟು. ನಾನು ದೊಡ್ಡ ಬೀದಿ ಅಂದೆ. ಇವಳು ನಮ್ಮವಳು ತಾನೇ, ತಡೆದುಕೊಳ್ಳುತ್ತಾಳೆ, ಮುಂದಿನ ವರ್ಷ ನೋಡಿದರಾಯಿತು ಎಂದುಕೊಂಡೆ. ಆಫೀಸಿನವರು ತಡ ಮಾಡಿದರು, ಗುತ್ತಿಗೆದಾರ ಓಡಿಹೋದ ಎಂದೆಲ್ಲ ಹೇಳಿ ಜಾರಿಕೊಳ್ಳಬಹುದು. ಆದರೆ ಬಾಯಿಬಿಟ್ಟು ಹೇಳಿದವಳು ನಾನೇ.

ಮುಂದಿನ ವರ್ಷ ಕೆಲಸ ಬರಲಿಲ್ಲ. ಮಳೆ ಬಂತು. ಅವಳ ಅತ್ತೆ ಬಾಗಿಲ ಮುಂದೆ ಚರಂಡಿ ದಾಟಲು ಹಾಕಿದ್ದ ಹಲಗೆಯ ಮೇಲೆ ಕಾಲು ಜಾರಿ ಚರಂಡಿಗೆ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ನಾನು ನೋಡಲು ಹೋಗಲಿಲ್ಲ. ಹೋದರೆ ಆ ಹಲಗೆ ದಾಟಬೇಕಿತ್ತು. ಓಣಿಯ ಬಾಯಲ್ಲೇ ನಿಂತು ಸಿಕ್ಕವರ ಹತ್ತಿರ ಹೇಗಿದ್ದಾರೆ ಎಂದು ಕೇಳಿ, ಮೀಟಿಂಗ್ ಇದೆ ಎಂದು ಬರುತ್ತಿದ್ದೆ. ಗೆಳತಿ ಜಗಳಕ್ಕೂ ಬರಲಿಲ್ಲ. ಸಂತೆಯಲ್ಲಿ ಸಿಕ್ಕಾಗ "ಹೆಂಗದೀರಿ ಅಕ್ಕಾರ" ಎಂದು ಬೇರೆ ಊರಿನವರನ್ನು ಮಾತಾಡಿಸಿದಂತೆ ಮಾತಾಡಿಸಿ ಹೋಗುತ್ತಿದ್ದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಈ ಸಲವೂ ವಾರ್ಡು ಮಹಿಳೆಗೇ ಬಂತು. ಎದುರು ಪಕ್ಷದವರು ಟಿಕೆಟ್ ಕೊಟ್ಟದ್ದು ಅವಳಿಗೆ.

ಒಂದು ಮಧ್ಯಾಹ್ನ ನಾನು ಪ್ರಚಾರ ಮುಗಿಸಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಅವಳ ಆಟೋದ ಮೈಕು ನಮ್ಮ ಮನೆ ಮುಂದೆಯೇ ನಿಂತಿತು. ಅವಳು ಬಾಗಿಲಿಗೆ ಬಂದು ಸೆರಗೊಡ್ಡಿದಳು. ಹಿಂದೆ ಅವಳ ಕಡೆಯ ಹೆಂಗಸರು, ಅವರ ಹಿಂದೆ ನಮ್ಮ ಬೀದಿಯೆಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ. ಸೊಸೆಗೆ ಟ್ರಂಕಿನಿಂದ ಒಂದು ಕಣ ತಾ ಅಂದೆ. ಅಕ್ಕಿ ಹಾಕಿದೆ, ಕಾಯಿ ಹಾಕಿದೆ, ಸೊಸೆ ಕೊಟ್ಟ ಕಣವನ್ನು ಅದರ ಮೇಲಿಟ್ಟೆ. ಇಟ್ಟ ಮೇಲೆ ನೋಡಿದೆ. ಹಸಿರು ಮೈ, ಕೆಂಪು ಅಂಚು.

ಒಳ್ಳೇ ಬಟ್ಟೆ, ಒಳ್ಳೇ ದಿನಕ್ಕೆ ಹೊಲಿಸೋಣ ಎಂದು ಇಟ್ಟವಳು ಮರೆತೇಬಿಟ್ಟಿದ್ದೆ. ಕೊಟ್ಟವರಿಗೇ ಉಡಿ ತಿರುಗಿಸುವುದೆಂದರೆ ನಿನ್ನ ಋಣ ಬೇಡ ಎಂದಂತೆ. ಎಂಥ ಹಗೆಯವರೂ ಹಾಗೆ ಮಾಡುವುದಿಲ್ಲ. ಅವಳು ಕಣವನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ವಾಪಸ್ ತೆಗೆದುಕೊಳ್ಳೋಣವೆಂದರೆ ಉಡಿಗೆ ಹಾಕಿದ್ದಕ್ಕೆ ಕೈ ಹಾಕುವ ಹಾಗಿಲ್ಲ. "ಗೆದ್ದು ಬಾ" ಅಂದೆ. ಅವಳು ಸೆರಗು ಕಟ್ಟಿಕೊಂಡು, ಬಗ್ಗಿ ನನ್ನ ಕಾಲು ಮುಟ್ಟಿ, ಮುಂದಿನ ಮನೆಗೆ ಹೋದಳು. ಆ ದಿನವೆಲ್ಲ ನನಗೆ ಊಟ ಸೇರಲಿಲ್ಲ.

ಹಾಗೆಂದು ಓಟೇನೂ ಅವಳಿಗೆ ಹಾಕಲಿಲ್ಲ. ನನಗೇ ಹಾಕಿಕೊಂಡೆ. ಅವಳು ಗೆದ್ದಳು. ದೊಡ್ಡ ಬೀದಿಯವರೂ ನನ್ನ ಕೈಹಿಡಿಯಲಿಲ್ಲವಂತೆ. ಬಂಡೆ ಹಾಕಿಸಿದವರು ಯಾರು ಎಂಬುದು ಅವರಿಗೆ ಯಾವತ್ತೋ ಮರೆತಿತ್ತು.

ಗೆದ್ದ ವಾರಕ್ಕೆ ಅವಳು ಒಬ್ಬಳೇ ನಮ್ಮ ಮನೆಗೆ ಬಂದಳು. ಮೈಮೇಲೆ ಹಸಿರು ಕುಪ್ಪಸ, ತೋಳಿಗೆ ಕೆಂಪು ಅಂಚು. ನಾನು ಐದು ವರ್ಷದಲ್ಲಿ ಹೊಲಿಸದ್ದನ್ನು ಅವಳು ಇಷ್ಟರಲ್ಲೇ ಹೊಲಿಸಿ ತೊಟ್ಟಿದ್ದಳು. ಅದನ್ನೇ ನೋಡುತ್ತಾ ಕೂತಿದ್ದೆ. ಬೇಕಂತ ಕೊಟ್ಟದ್ದಲ್ಲ ಕಣೇ ಎಂದು ಹೇಳಬೇಕೆಂದಿದ್ದೆ.

"ಗೊತ್ತೈತಿ ಬಿಡಕ್ಕ, ನಿನ್ನ ಸೊಸಿ ತಂದಿದ್ದು ನಾನೂ ನೋಡೀನಿ," ಅಂದಳು. "ಚರಂಡಿ ಅರ್ಜಿ ಬರೀಬೇಕು. ಆಫೀಸಿನ ಭಾಷೆ ನಂಗ ಬರಂಗಿಲ್ಲ. ಮನೀಗೆ ಬಂದು ಬರಕೊಡು."

ಕನ್ನಡಕ, ಪೆನ್ನು ತೆಗೆದುಕೊಂಡು ಹೊರಟೆ. ನಾನು ಯಾವಾಗಲೋ ಬರೆಯಬೇಕಿದ್ದ ಅರ್ಜಿ ಅದು. ಓಣಿಯಲ್ಲಿ ಹಲಗೆ ಹಾಗೆಯೇ ಇತ್ತು, ಒಂದು ಕಡೆ ಕೊಳೆತು ಮೆತ್ತಗಾಗಿತ್ತು. ಅವಳು ಮೊದಲು ದಾಟಿ ನನಗೆ ಕೈ ಕೊಟ್ಟಳು. ಅತ್ತೆ ಪಡಸಾಲೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಸದ್ದಿಗೆ ಕತ್ತಷ್ಟೇ ತಿರುಗಿಸಿ ನನ್ನನ್ನು ಗುರುತಿಸಲು ತುಸು ಹೊತ್ತು ತೆಗೆದುಕೊಂಡರು.

"ಮೆಂಬರವ್ವ ಏನು?" ಅಂದರು. "ಸೋತ ಮ್ಯಾಲೆ ದಾರಿ ಸಿಕ್ತೇನವ್ವ?"

ಉತ್ತರಕ್ಕೆ ಅವರು ಕಾಯಲಿಲ್ಲ. ಕೈಯಿಂದ ತಡಕಾಡಿ ಹೊದಿಕೆಯನ್ನು ಒಂದು ಬದಿಗೆ ಎಳೆದುಕೊಂಡು ಮಂಚದ ಅಂಚಿನಲ್ಲಿ ಜಾಗ ಮಾಡಿದರು.

"ಕಾಲು ನೋಯ್ತಾವಂತಲ್ಲ ನಿನಗ," ಅಂದರು. "ಕುಂದ್ರು."