ಅಂಕಿ ಕಾಣದ ಬೆಳಗಿನ ಚಿತ್ರ

ಬೆಳಗಿನ ಆರೂವರೆಗೆ ಇನ್ನು ಐದು ನಿಮಿಷವಿದೆ. ಹಳ್ಳಿಮೈಸೂರಿನಿಂದ ಮೂರು ಕಿಲೋಮೀಟರ್ ಆಚೆ, ನಾಲೆಯ ಏರಿಯ ಮೇಲೆ ಸೈಕಲ್ ನಿಲ್ಲಿಸಿ ಮಂಚಯ್ಯ ಚಪ್ಪಲಿ ಬಿಡುತ್ತಾರೆ. ಕಲ್ಲಿನ ಮೆಟ್ಟಿಲು ಇಳಿದು, ಕೊನೆಯದರ ಮೇಲೆ ಮಂಡಿಯೂರಿ, ಕೆನ್ನೆ ನೀರಿಗೆ ತಾಗುವಷ್ಟು ಬಾಗುತ್ತಾರೆ. ಮೂರು ಮಾರು ದೂರದಲ್ಲಿ, ನೀರಿನಲ್ಲಿ ನಿಂತಿರುವುದು ಸೆಂಟಿಮೀಟರ್ ಗುರುತುಗಳ ಅಳತೆಪಟ್ಟಿ. ಇಲ್ಲಿನವರ ಬಾಯಲ್ಲಿ ಗೇಜು. ಅಂಕಿಯನ್ನು ಒಮ್ಮೆ ಗೊಣಗಿಕೊಂಡು, ಕಣ್ಣಿದ್ದ ಜಾಗಕ್ಕೇ ಮೊಬೈಲ್ ತಂದು ಫೋಟೊ ತೆಗೆಯುತ್ತಾರೆ.

"ಮ್ಯಾಲೆ ನಿಂತ್ಕಂಡ್ ನೋಡುದ್ರೆ ಒಂದೆರಡು ಸೆಂಟಿಮೀಟ್ರು ಎಚ್ಚುಕಮ್ಮಿ ಆಯ್ತದೆ ಸಾ. ನೀರೂ ಕಣ್ಣೂ ಒಂದೇ ಮಟ್ಟಕ್ಕಿರ್ಬೇಕು. ಯಾರೂ ಏಳ್ಕೊಡ್ನಿಲ್ಲ, ಮಾಡ್ತಾ ಮಾಡ್ತಾ ಗೊತ್ತಾಯ್ತು."

ಪ್ರಯೋಗಾಲಯದಲ್ಲಿ ಅಳತೆಪಾತ್ರೆ ಕೈಗೆ ಕೊಟ್ಟ ದಿನ ವಿದ್ಯಾರ್ಥಿಗಳಿಗೆ ಹೇಳುವ ಮೊದಲ ಮಾತೂ ಇದೇ.

ಐವತ್ನಾಲ್ಕರ ಮಂಚಯ್ಯ ಓದಿದ್ದು ಏಳನೇ ತರಗತಿ. ಒಂಬತ್ತು ವರ್ಷಗಳಿಂದ ಈ ಗೇಜು ಓದುವುದು ಅವರ ಕೆಲಸ. ನಾಲೆಯಲ್ಲಿ ನೀರಿಲ್ಲದ ತಿಂಗಳುಗಳಲ್ಲಿ ಹೂಳು ತೆಗೆಯುತ್ತಾರೆ, ಗಿಡಗಂಟಿ ಸವರುತ್ತಾರೆ. ಅಂಕಿಯ ಜೊತೆ ಫೋಟೊವನ್ನೂ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಕು ಎಂದು ನೀರಾವರಿ ಕಚೇರಿ ಹೇಳಿದ್ದು ನಾಲ್ಕು ವರ್ಷಗಳ ಹಿಂದೆ. ಅದಕ್ಕೆಂದೇ ಮೊಬೈಲ್ ಕೊಂಡರು. ಕಚೇರಿಯ ಫೋಟೊ ಕಳಿಸಿದ ಮೇಲೆ ತಮಗಾಗಿ ಇನ್ನೊಂದು ತೆಗೆಯುವ ಅಭ್ಯಾಸ ಅಂದಿನಿಂದ ಬಂತು. ಏರಿಯಾಚೆಯ ರಾಗಿ ಹೊಲ, ತೆಂಗಿನ ಸಾಲು, ದೂರದ ಬೋರೆಗುಡ್ಡದ ಮೇಲಿನ ಮೋಡ. ಅಂಥವು ಆರುನೂರಕ್ಕೂ ಹೆಚ್ಚಿವೆ.

"ಸೊಸೆ ಸೀಮಂತಕ್ಕೆ ಒಂದ್ ಫೋಟೊ ತೆಗಿ ಅಂದ್ರೆ, ಈವಯ್ಯ ಎಲ್ಲಾರ್ ತಲೇನೂ ಕತ್ತರಿಸ್ಬುಟ್ಟು ಇಂದ್ಗಡೆ ತೆಂಗಿನ್ ಮರ ಪೂರ್ತಿ ತಗ್ದವ್ನೆ," ಎನ್ನುತ್ತಾರೆ ಹೆಂಡತಿ ಹೊನ್ನಕ್ಕ.

"ಮರ ಅಲ್ಲಾಡ್ದಂಗ್ ನಿಂತಿತ್ತು ಕಣಮ್ಮಿ. ನೀವ್ ನಿಂತ್ರಾ?"

ಕಳೆದ ಡಿಸೆಂಬರ್ ಹದಿನೆಂಟರ ಬೆಳಿಗ್ಗೆ ಗಾಳಿ ನೀರಿಗಿಂತ ಬಹಳ ತಣ್ಣಗಿತ್ತು. ಅಂಥ ದಿನ ನಾಲೆಯ ನೀರಿನಿಂದಲೇ ಮಂಜು ಏಳುತ್ತದೆ. ಪಟ್ಟಿ ನೆರಳಿನಷ್ಟು ಕಂಡಿತು, ಅಂಕಿ ಕಾಣಲಿಲ್ಲ. ಸೆಳೆತ ಜೋರಿದ್ದುದರಿಂದ ನೀರಿಗಿಳಿಯುವಂತಿರಲಿಲ್ಲ. ಅಂಕಿ ಕಳಿಸಲು ಆರೂಮುಕ್ಕಾಲರವರೆಗೆ ಮಾತ್ರ ಅವಕಾಶ, ತಪ್ಪಿದರೆ ಆ ದಿನ ಕೆಲಸಕ್ಕೆ ಬಂದಿಲ್ಲವೆಂದೇ ಲೆಕ್ಕ. ಮಂಚಯ್ಯ ಎಂದಿನಂತೆ ಮಂಡಿಯೂರಿ ಫೋಟೊ ತೆಗೆದರು, ಅದರ ಕೆಳಗೆ 'ಕಾಣ್ತಿಲ್ಲ' ಎಂದು ಬರೆದು ಕಳಿಸಿದರು. ಮಂಜು ಕರಗಿದ ಮೇಲೆ ಅಂಕಿಯನ್ನೂ ಕಳಿಸಿದರು. ಅಷ್ಟರಲ್ಲಿ ಹೊತ್ತು ಮೀರಿತ್ತು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 'ಗೈರು' ಎಂದು ಬಿತ್ತು. ಒಂಬತ್ತು ವರ್ಷದಲ್ಲಿ ಅದೊಂದೇ.

"ಮುಂಚಿನ್ ದಿನದ್ ಅಂಕಿನೇ ಆಕ್ಬುಡ್ಬೋದಿತ್ತು, ಯಾರ್ಗೂ ಗೊತ್ತಾಯ್ತಿರ್ನಿಲ್ಲ. ಆದ್ರೆ ಕಾಣ್ದೆ ಇರಾದ್ನ ಕಂಡೆ ಅಂತ ಎಂಗ್ ಬರೀಲಿ? ನನ್ ಅಂಕಿ ನಂಬ್ಕಂಡು ಕೆಳಗ್ಲೋರು ತೂಬು ಎತ್ತುತಾರೆ."

ಈ ವರ್ಷ ಜೂನ್‌ನಲ್ಲಿ ಕಚೇರಿಗೆ ಬಂದ ಕಿರಿಯ ಎಂಜಿನಿಯರ್ ಕವನಾ, ಹಿಂದಿನ ಹಂಗಾಮಿನ ನೀರಿನ ಮಟ್ಟದ ನಕ್ಷೆ ಬರೆಯಲು ಹಳೆಯ ಫೋಟೊಗಳನ್ನು ನೋಡುತ್ತಾ ಕುಳಿತಿದ್ದಾಗ ಆ ಚಿತ್ರ ಕಂಡಿತು. ಬಿಳಿ ಮಂಜು, ಒಂದು ಮಸುಕು ಕಂಬ, ನೀರಿನಲ್ಲಿ ತಲೆಕೆಳಗಾದ ಎರಡು ತೆಂಗಿನ ಮರ. ಹಾಸನದ ಹವ್ಯಾಸಿ ಛಾಯಾಗ್ರಾಹಕರ ಪ್ರದರ್ಶನಕ್ಕೆ ಅದನ್ನು ಮಂಚಯ್ಯನವರ ಹೆಸರಿನಲ್ಲಿ ಕಳಿಸಿದರು. ಮುನ್ನೂರಕ್ಕೂ ಹೆಚ್ಚು ಭೂದೃಶ್ಯಗಳ ನಡುವೆ ಅದಕ್ಕೇ ಮೊದಲ ಬಹುಮಾನ. ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಿದ್ದನ್ನು ತೀರ್ಪುಗಾರರು ಬಹಳ ಮೆಚ್ಚಿದ್ದರು.

"ಬಹುಮಾನ ಬಂದದೆ ಅಂತ ಫೋನ್ ಬಂತು. ಇನ್ನೇನು ಓಟಿಪಿ ಕೇಳ್ತಾರೆ ಅಂತ ಕಟ್ ಮಾಡ್ದೆ," ಎಂದು ಮಂಚಯ್ಯ ನಗುತ್ತಾರೆ. "ಆಸೆಪಟ್ಟು ತಗ್ದಿದ್ನ ಯಾರೂ ನೋಡ್ನಿಲ್ಲ. ಡೂಟಿಗ್ ತಗ್ದಿದ್ಕೆ ಶಾಲು ಒದ್ಸಿದ್ರು."

ವೇದಿಕೆಯಲ್ಲಿ ಮೈಕು ಕೊಟ್ಟಾಗ ಅವರು ಹೇಳಿದ್ದು ಒಂದೇ ಮಾತು: "ಆವತ್ತು ನಾನು ಬಂದಿದ್ದೆ." ಸಭೆ ಚಪ್ಪಾಳೆ ತಟ್ಟಿತು. ಅರ್ಥವಾದದ್ದು ಹಾಜರಿ ಪುಸ್ತಕದಲ್ಲಿ ಆ ದಿನದ 'ಗೈರು' ಕಂಡಿದ್ದ ಕವನಾ ಒಬ್ಬರಿಗೇ. ಮುಗಿದ ವರ್ಷದ ಪುಸ್ತಕವನ್ನು ಅವರು ತಿದ್ದುವಂತಿಲ್ಲ. ಫೋಟೊವನ್ನೂ ಅದು ತೆಗೆದ ಸಮಯವನ್ನೂ ಲಗತ್ತಿಸಿ ಮೇಲಧಿಕಾರಿಗೆ ಪತ್ರ ಬರೆದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ಕಟ್ಟು ಹಾಕಿಸಿ ಕೊಟ್ಟ ಆ ಚಿತ್ರವನ್ನು ಮಂಚಯ್ಯ ಮನೆಯಲ್ಲಿ ಇಟ್ಟುಕೊಂಡದ್ದು ಒಂದೇ ದಿನ. ಮರುದಿನ ಗೋಣಿಚೀಲದಲ್ಲಿ ಸುತ್ತಿ ಸೈಕಲ್ಲಿನ ಹಿಂದೆ ಕಟ್ಟಿ ಕಚೇರಿಗೆ ತಂದರು. ಈಗ ಅದು ಹಾಜರಿ ಪುಸ್ತಕವಿರುವ ಮೇಜಿನ ಮೇಲುಗಡೆ ಗೋಡೆಯಲ್ಲಿದೆ. ಅಡಿಯಲ್ಲಿ ಅಂಟಿಸಲು ಕವನಾ ಒಂದು ಚೀಟಿ ಬರೆಯುತ್ತಿದ್ದಾರೆ. ಹಾಸನ, ಪ್ರಥಮ ಬಹುಮಾನ ಎಂಬಲ್ಲಿಗೆ ಬಂದಾಗ ಮಂಚಯ್ಯ ತಡೆಯುತ್ತಾರೆ.

"ಅದ್ ಬ್ಯಾಡ ಮೇಡಮ್ಮೋರೆ. ಡಿಸೆಂಬರ್ ಅದಿನೆಂಟು, ಆರೂವರೆ ಅಂತ ಬರೀರಿ. ಅದ್ರ ಕೆಳಗೆ, ಮಂಚಯ್ಯ ಆಜರ್ ಇದ್ದ ಅಂತ ಬರೀರಿ, ಸಾಕು."